ಮಳೆಗಾಲದಲ್ಲಿ ಕೆಂಚನಿಗೆ ಮೂಗಿನ ಕೆಲಸ

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ನಾಯಿಯನ್ನು ಹೊರಗೆ ಓಡಾಡಿಸೋದು ಕಷ್ಟ. ತೋಟಕ್ಕೆ ಇಳಿದರೆ ಬೆರಳ ಸಂದಿಗೆಲ್ಲ ಉಂಬಳ (ಜಿಗಣೆ), ಮೈ ಒದ್ದೆಯಾದರೆ ಸಂಜೆಯಾದರೂ ಒಣಗಲ್ಲ. ಹಾಗಂತ ಸುಮ್ನೆ ಕಟ್ಟಿಹಾಕಿದರೆ ಕೆಂಚ ಬಾಗಿಲು ಕೆರೆಯುತ್ತಾನೆ, ಚಪ್ಪಲಿ ಹರಿಯುತ್ತಾನೆ. ಎಳೇ ನಾಟಿ ನಾಯಿ, ತಲೆಗೆ ಕೆಲಸ ಬೇಕು ಅಲ್ವಾ? ಅದಕ್ಕೇ ಈ ಸಲ ಜಗಲಿಯಲ್ಲೇ ಮೂಗಿನ ಆಟ ಕಲಿಸುತ್ತಿದ್ದೇನೆ.

ಆರಿದ್ರಾ ಮಳೆ: ಬೆಳಗಿನ ಊಟ ತಟ್ಟೆಗೆ ಹಾಕೋದು ನಿಲ್ಲಿಸಿದೆ. ಹಳೇ ಗೋಣಿಚೀಲ ಹಾಸಿ ಮಡಿಕೆಗಳ ಒಳಗೆ ಕಾಳು ಕಾಳಾಗಿ ಉದುರಿಸಿದೆ. ಎರಡನೇ ಆಟಕ್ಕೆ ಅಡಿಕೆ ಹಾಳೆಯನ್ನು ನೆನೆಸಿ ಸುರುಳಿ ಸುತ್ತಿ, ಒಳಗೆ ಬೇಯಿಸಿದ ಕೋಳಿ ಲಿವರ್ ಚೂರು ಇಟ್ಟೆ. ಮುಂಗಾಲಲ್ಲಿ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಮೂತಿ ತೂರಿಸಿ, ಫುಸ್ ಫುಸ್ ಅಂತ ಉಸಿರು ಬಿಡುತ್ತಾ ಬಿಚ್ಚುವುದನ್ನು ನೋಡಬೇಕು! ಖಾಲಿಯಾದ ತಕ್ಷಣ ಹಾಳೆ ಎತ್ತಿಡಬೇಕು, ಇಲ್ಲದಿದ್ದರೆ ಅಗಿದು ನುಂಗುತ್ತಾನೆ. ಅಡಿಕೆ ಅಂತೂ ನಾಯಿಯ ಬಾಯಿಗೆ ಸಿಗಲೇಬಾರದು. ಅದರಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಗಳಿಗೆ ಲಾಡಿಹುಳದ ಔಷಧಿಯಾಗಿ ಕೊಡುತ್ತಿದ್ದರು, ಆದರೆ ಪ್ರಮಾಣ ಹೆಚ್ಚಾದರೆ ಅದೇ ವಿಷ. ಒಣದ್ರಾಕ್ಷಿ, ಈರುಳ್ಳಿಯೂ ಬೇಡ.

"ಪಾಪ, ಅದನ್ನ ಯಾಕೆ ಸತಾಯಿಸ್ತೀಯ ಮಾರಾಯ" ಅಂತ ಅಮ್ಮ ಬೈದರು. ಈಗ ಅವರೇ ಲಿವರ್ ಬಚ್ಚಿಡುತ್ತಾರೆ.

ಪುನರ್ವಸು: "ಇರು" ಅಂತ ಬಾಗಿಲ ಆಚೆ ಕೂರಿಸಿ, ತಿಂಡಿ ಬಚ್ಚಿಟ್ಟು, "ಹುಡುಕು" ಅನ್ನೋದು. ಮೊದಲು ಕಣ್ಣಿಗೆ ಕಾಣೋ ಹಾಗೆ, ಆಮೇಲೆ ಕಂಬಳಿ ಕೆಳಗೆ, ಆಮೇಲೆ ಬೆಂಚಿನ ಮೇಲೆ. ಫ್ಯಾನ್ ಹಾಕಿದ್ದ ದಿನ ಅವನು ತಿಂಡಿ ಬಿಟ್ಟು ಎದುರು ಗೋಡೆಯ ಬುಡವನ್ನೇ ಮೂಸುತ್ತಿದ್ದ. ಗಾಳಿ ವಾಸನೆಯನ್ನು ಅಲ್ಲಿಗೆ ತಳ್ಳಿ ನಿಲ್ಲಿಸಿತ್ತು. ಅಲ್ಲಿಂದ ಹಿಂದೆ ಹಿಂದೆ ವಾಸನೆ ಹಿಡಿದು ಬಂದು ಜಾಗ ಕಂಡುಹಿಡಿದ. ನನಗಂತೂ ಎದೆ ತುಂಬಿ ಬಂತು. ಇಂಥ ಹತ್ತು ನಿಮಿಷದ ಹುಡುಕಾಟ ಸಾಕು, ಆಮೇಲೆ ನೀರು ಕುಡಿದು ಬಚ್ಚಲ ಒಲೆ ಹತ್ತಿರ ಮಲಗಿಬಿಡುತ್ತಾನೆ. ತೋಟದಲ್ಲಿ ಗಂಟೆಗಟ್ಟಲೆ ಓಡಿದ ದಿನವೂ ಹೀಗೆ ಮಲಗಿದ್ದು ನಾನು ನೋಡಿಲ್ಲ.

ಪುಷ್ಯ: ಈಗ ಲವಂಗ. ಅಮೆರಿಕದಲ್ಲಿ ಶುರುವಾದ ನೋಸ್ ವರ್ಕ್ ಆಟದಲ್ಲಿ ಬರ್ಚ್ ಮರದ ಎಣ್ಣೆ, ಲವಂಗದ ಎಣ್ಣೆಯ ವಾಸನೆ ಹುಡುಕಿಸುತ್ತಾರೆ. ನಾನು ಅಡುಗೆಮನೆಯ ಲವಂಗವನ್ನೇ ಮುಚ್ಚಳ ತೂತು ಮಾಡಿದ ಡಬ್ಬಿಗೆ ಹಾಕಿದೆ. ಮೂಗು ತಾಗಿಸಿದ ಕ್ಷಣಕ್ಕೇ ಲಿವರ್ ಕೊಡಬೇಕು, ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ಅವನಿಗೆ ಗೊತ್ತಾಗಲ್ಲ. ಪಕ್ಕದಲ್ಲಿ ಖಾಲಿ ಡಬ್ಬಿಗಳನ್ನು ಇಟ್ಟರೂ ಈಗ ಸರಿಯಾದದ್ದನ್ನೇ ಹಿಡಿಯುತ್ತಾನೆ, ಜಗಲಿಯಲ್ಲಿ ಮಾತ್ರ. ಅಡುಗೆಮನೆಯಲ್ಲಿ ಸಾರಿನ ಘಮಕ್ಕೆ ಲವಂಗ ಮರೆತೇಹೋಗುತ್ತೆ.

ಡಬ್ಬಿ ಸಿಕ್ಕಿದರೆ ಕಾಲಲ್ಲಿ ಕೆರೆದು ಉರುಳಿಸುತ್ತಾನೆ. ಅದರ ಬದಲು ಪಕ್ಕದಲ್ಲಿ ಕೂತು ನನ್ನ ಮುಖ ನೋಡೋದು ಕಲಿಸಬೇಕು. ಆಶ್ಲೇಷಾ ಮಳೆ ಮುಗಿಯೋ ಹೊತ್ತಿಗೆ ಅಷ್ಟು ಬಂದರೆ, ಮುಂದಿನದ್ದು ಅಟ್ಟದ ಮೆಟ್ಟಿಲು.