ಚುಕ್ಕೆ ಕಂಡ ದಿನವೇ ಔಷಧಿ ಹೊಡೆದರೂ ಬೆಂಕಿ ರೋಗ ನಿಲ್ಲುವುದಿಲ್ಲ, ಏಕೆ?

ಭತ್ತ ಬೆಳೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಗರಿಯಲ್ಲಿ ಚುಕ್ಕೆ ಕಂಡ ದಿನವೇ ಟ್ರೈಸೈಕ್ಲಜೋಲ್ ಹೊಡೆದೆವು. ಆದರೂ ವಾರದಲ್ಲಿ ಚುಕ್ಕೆ ಹೆಚ್ಚಾಯಿತು. ಔಷಧಿ ಕಳಪೆಯೋ, ತಳಿಗೇ ತಾಳಿಕೊಳ್ಳುವ ಶಕ್ತಿ ಇಲ್ಲವೋ?"

ಹೆಚ್ಚಿನ ಸಲ ಎರಡೂ ಅಲ್ಲ, ತಪ್ಪಿದ್ದು ಹೊತ್ತು. ಶಿಲೀಂಧ್ರ ಒಳಹೊಕ್ಕು ನಾಲ್ಕೈದು ದಿನವಾದ ಮೇಲಷ್ಟೇ ಚುಕ್ಕೆ ಕಣ್ಣಿಗೆ ಬೀಳುತ್ತದೆ.

ಬೆಂಕಿ ರೋಗ ತರುವ ಮ್ಯಾಗ್ನಪೋರ್ತೆ ಒರೈಜೆಯ ಬೀಜಕ ತೇವವಿರುವ ಗರಿಗೆ ಅಂಟಿ ಒಂದೆರಡು ಗಂಟೆಯಲ್ಲಿ ಮೊಳೆಯುತ್ತದೆ. ಮೊಳಕೆಯ ತುದಿಯಲ್ಲಿ ಅರೆಗೋಳದಂಥ ಒಂದು ಕೋಶ ಕಟ್ಟುತ್ತದೆ. ಅದರ ಗೋಡೆಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಪದರ, ಒಳಗೆ ನೀರು ಸೆಳೆಯುವ ಗ್ಲಿಸರಾಲ್. ನೀರು ಒಳಬರುತ್ತದೆ, ಗ್ಲಿಸರಾಲ್ ಹೊರಹೋಗದಂತೆ ಮೆಲನಿನ್ ತಡೆಯುತ್ತದೆ. ಒತ್ತಡ 8 ಮೆಗಾಪ್ಯಾಸ್ಕಲ್‌ವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿರುವುದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಎಲೆಯ ಹೊರಪದರವನ್ನು ಸಡಿಲಿಸುವ ಕ್ಯುಟಿನೇಸ್ ಕಿಣ್ವದ ನೆರವೂ ಸೇರಿ, ಸಣ್ಣದೊಂದು ಮೊನೆ ಜೀವಕೋಶದೊಳಗೆ ನುಗ್ಗುತ್ತದೆ.

ಟ್ರೈಸೈಕ್ಲಜೋಲ್ ಕಟ್ಟಿಹಾಕುವುದು ಮೆಲನಿನ್ ತಯಾರಿಕೆಯ ಒಂದು ರಿಡಕ್ಟೇಸ್ ಕಿಣ್ವವನ್ನು. ಮೆಲನಿನ್ ಇಲ್ಲದಿದ್ದರೆ ಒತ್ತಡ ನಿಲ್ಲದು, ಮೊನೆ ನುಗ್ಗದು. ಆದರೆ ಆಗಲೇ ಒಳಗೆ ಹಬ್ಬಿದ ಎಳೆಗಳಿಗೆ ಮೆಲನಿನ್ ಬೇಕಿಲ್ಲ. ಸಿಂಪಡಿಸಿದ ಮೇಲೆ ನಾಲ್ಕೈದು ದಿನದಲ್ಲಿ ಏಳುವ ಚುಕ್ಕೆಗಳು ಬಹುಪಾಲು ಹಳೆಯ ಪ್ರವೇಶದವು. ಅವನ್ನು ನೋಡಿ ಔಷಧಿ ಕಳಪೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ.

ಆ ದಿನಗಳಲ್ಲಿ ಗಿಡ ಏಕೆ ಸುಮ್ಮನಿರುತ್ತದೆ? ಸುಮ್ಮನಿರುವುದಿಲ್ಲ. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ಚೂರುಗಳನ್ನು ಭತ್ತದ ಕೋಶದ ಹೊರಮೈಯ ಗ್ರಾಹಕವೊಂದು ಗುರುತಿಸುತ್ತದೆ. ಕೂಡಲೇ ರಕ್ಷಣಾ ಕ್ರಿಯೆ ಶುರು. ಇದನ್ನು ಶಿಲೀಂಧ್ರ ಎರಡು ಬಗೆಯಲ್ಲಿ ತಪ್ಪಿಸುತ್ತದೆ. ತನ್ನದೇ ಕಿಣ್ವದಿಂದ ಆಲ್ಫಾ-1,3-ಗ್ಲುಕಾನ್ ಎಂಬ ಸಕ್ಕರೆ ಸರಪಳಿ ತಯಾರಿಸಿ ಮೈಗೆ ಹೊದ್ದುಕೊಳ್ಳುತ್ತದೆ. ಇದನ್ನು ಕತ್ತರಿಸುವ ಕಿಣ್ವ ಭತ್ತದಲ್ಲಿಲ್ಲ. ಜೊತೆಗೆ ಎಸ್‌ಎಲ್‌ಪಿ1 ಎಂಬ ಪ್ರೋಟೀನನ್ನು ಸ್ರವಿಸಿ, ಗ್ರಾಹಕಕ್ಕಿಂತ ಮೊದಲೇ ಕೈಟಿನ್ ಚೂರುಗಳನ್ನು ಹಿಡಿದಿಡುತ್ತದೆ. ಇನ್ನೊಂದು ಕಿಣ್ವದ್ದು ಇನ್ನೂ ಚತುರ ಕೆಲಸ: ರಕ್ಷಣೆಯನ್ನು ಚುರುಕುಗೊಳಿಸುವ ಜಾಸ್ಮೋನಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿಸಿ ಅದನ್ನು ನಿಷ್ಪ್ರಯೋಜಕ ಮಾಡುತ್ತದೆ. ಇದು ತಿಳಿದದ್ದು 2015ರಲ್ಲಿ.

ಕಿಣ್ವವೇ ಶಿಲೀಂಧ್ರಕ್ಕೆ ತಿರುಗುಬಾಣವಾಗುವುದೂ ಉಂಟು. ಕೋಶಭಿತ್ತಿ ಕತ್ತರಿಸುವ ಒಂದು ಸೆಲ್ಯುಲೇಸ್‌ನಿಂದ ಉದುರುವ ಸಕ್ಕರೆಯ ತುಣುಕುಗಳನ್ನೇ ಹಿಡಿದು ಭತ್ತ ಎಚ್ಚೆತ್ತುಕೊಳ್ಳುತ್ತದೆ. ಪೈ-ಟಾ ಎಂಬ ನಿರೋಧಕ ಜೀನ್ ಇರುವ ತಳಿ ಗುರುತಿಸುವ ಎವಿಆರ್-ಪಿಟಾ ಎಂಬ ಶಿಲೀಂಧ್ರದ ಪ್ರೋಟೀನ್ ಕೂಡ ರಚನೆಯಲ್ಲಿ, ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್ ಕಿಣ್ವವನ್ನು ಹೋಲುತ್ತದೆ. ಶಿಲೀಂಧ್ರ ತನ್ನ ಎವಿಆರ್-ಪಿಟಾ ಜೀನನ್ನು ಬದಲಿಸಿಕೊಂಡರೆ ಅಥವಾ ಕಳೆದುಕೊಂಡರೆ ತಳಿಯ ನಿರೋಧಕತೆ ಮುರಿಯಿತೆಂದೇ ಅರ್ಥ. ನಿರೋಧಕ ತಳಿ ಕೆಲ ವರ್ಷಗಳಲ್ಲಿ ಸೋಲುವುದು ಹೀಗೆ.

ಹಾಗಾದರೆ ಯಾವಾಗ ಸಿಂಪಡಿಸಬೇಕು? ರಾತ್ರಿ ತಂಪು, ಮೋಡ ಅಥವಾ ಜಿಟಿಜಿಟಿ ಮಳೆ, ಗರಿ ಹತ್ತು ಗಂಟೆಗೂ ಹೆಚ್ಚು ಒದ್ದೆ: ಇವು ಕೂಡಿದಾಗ ಸುತ್ತಲ ಗದ್ದೆಯಲ್ಲಿ ಒಂದೆರಡು ಚುಕ್ಕೆ ಕಂಡರೆ ಸಾಕು. ಟ್ರೈಸೈಕ್ಲಜೋಲ್ 75 ಶೇಕಡಾ ಪುಡಿ ಲೀಟರಿಗೆ 0.6 ಗ್ರಾಂ, ಎಕರೆಗೆ 200 ಲೀಟರ್ ನೀರಾದರೆ 120 ಗ್ರಾಂ. ಭತ್ತದ ಗರಿ ಮೇಣದ ಮೈಯದು. ಸ್ಟಿಕ್ಕರ್ (ಔಷಧಿ ಗರಿಗೆ ಅಂಟಲು ಬೆರೆಸುವ ದ್ರಾವಣ) ಬೆರೆಸದಿದ್ದರೆ ಹನಿ ಜಾರುತ್ತದೆ. ತೆನೆಯ ಬುಡಕ್ಕೆ ತಗಲುವ ಕುತ್ತಿಗೆ ಬೆಂಕಿ ರೋಗಕ್ಕಂತೂ ತೆನೆ ಹೊರಬರುವ ಹೊತ್ತು ಕಳೆದ ಮೇಲೆ ಹೊಡೆದದ್ದು ವ್ಯರ್ಥ.

ಯೂರಿಯಾ ಲೆಕ್ಕವನ್ನೂ ನೋಡಿ. ಹೆಕ್ಟೇರಿಗೆ 100 ಕಿಲೊ ಸಾರಜನಕದ ಶಿಫಾರಸು ಇದ್ದರೆ ಎಕರೆಗೆ ಸುಮಾರು 88 ಕಿಲೊ ಯೂರಿಯಾ, ಅದರಲ್ಲೇ ಡಿಎಪಿಯ ಸಾರಜನಕವೂ ಸೇರಬೇಕು. ಅದನ್ನು ಬಿಟ್ಟು ಲೆಕ್ಕ ಹಾಕುವುದರಿಂದಲೇ ಗದ್ದೆ ಕಡುಹಸಿರಾಗಿ ರೋಗಕ್ಕೆ ಬಾಗಿಲು ತೆರೆಯುವುದು. ಚುಕ್ಕೆ ಇದ್ದಾಗ ಮೇಲುಗೊಬ್ಬರ ಮುಂದೂಡಿ. ಒಂದೇ ಕಿಣ್ವವನ್ನು ಗುರಿಯಿಡುವ ಔಷಧಿಯನ್ನು ಪ್ರತಿ ಸಲವೂ ಹೊಡೆಯಬೇಡಿ: ಜಪಾನಿನಲ್ಲಿ ಮೆಲನಿನ್ ತಯಾರಿಕೆ ತಡೆಯುವ ಇನ್ನೊಂದು ಔಷಧಿ ಕಾರ್ಪ್ರೊಪಮಿಡ್‌ಗೆ ಶಿಲೀಂಧ್ರ ಜಗ್ಗದಂತಾಗಲು ಶಿಲೀಂಧ್ರದ ಡಿಹೈಡ್ರಟೇಸ್ ಕಿಣ್ವದ ಒಂದೇ ಅಮೈನೋ ಆಮ್ಲ ಬದಲಾದದ್ದು ಸಾಕಾಗಿತ್ತು.