ಸಪ್ಪಳ ಮಾಡದ ಟ್ಯಾಪೆಟ್

ಎಳ್ಳಮಾಸಿಗೆ ಇನ್ನು ನಾಲ್ಕೇ ದಿನ. ಚರಗ ಚೆಲ್ಲಲು ತಿಕೋಟಾ ಕಡೆಯ ಹೊಲಕ್ಕೆ ನಮ್ಮನ್ನೆಲ್ಲ ಹೊತ್ತೊಯ್ಯಬೇಕಾದ ಕಾರು, ದಿನಾ ಬೆಳಗ್ಗೆ ಓಣಿತುಂಬ ಬಿಳಿ ಹೊಗೆ ಉಗುಳುತ್ತ ಗಡಗಡ ನಡುಗುತ್ತಿತ್ತು. 2004ರ ಡೀಸೆಲ್ ಗಾಡಿ, 1.4 ಲೀಟರಿನದು, ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ್ದು. ಮೂರು ಸಲ ಸೆಲ್ಫ್ ಹೊಡೆದರೆ ಚಾಲೂ. ಹೊಗೆಗೆ ಸುಡದ ಡೀಸೆಲಿನ ಕಣ್ಣುರಿಸುವ ವಾಸನೆ. ಐದು ನಿಮಿಷಕ್ಕೆ ಹೊಗೆ ನಿಂತರೂ ಐಡಲಿನಲ್ಲಿ ಸಣ್ಣ ಕುಂಟು ಉಳಿಯುತ್ತಿತ್ತು. ತಣ್ಣಗಿನ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ ಕೆಟ್ಟಿರಬೇಕೆಂದು ನಾಲ್ಕೂ ಬದಲಿಸಿದೆ. ರೊಕ್ಕ ಹೋಯಿತು, ಹೊಗೆ ಹೋಗಲಿಲ್ಲ.

ಮೊದಲು ತೋರಿಸಿದ ಗ್ಯಾರೇಜಿನವನು ಆಯಿಲ್ ಮುಚ್ಚಳ ತೆಗೆದು, ಅಲ್ಲಿಂದ ಬರುತ್ತಿದ್ದ ಹೊಗೆಯನ್ನು ಬಗ್ಗಿ ನೋಡಿದ. “ಬ್ಯಾಕ್ ಕಂಪ್ರೆಶನ್ ಐತ್ರಿ, ಬೋರ್ ಹೋಗೈತಿ. ಇಂಜಿನ್ ಇಳಸೂದ.” ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ ಅರ್ಥ. 45,000 ರೂಪಾಯಿ ಅಂದ. ಅರ್ಧ ನಿಮಿಷದ ತಪಾಸಣೆ! ಇಷ್ಟು ಓಡಿದ ಡೀಸೆಲಿನಲ್ಲಿ ಅಲ್ಲಿ ತುಸು ಹೊಗೆ ಇದ್ದೇ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಸ್ಟೇಶನ್ ರೋಡಿನ ಹಿಂದಿನ ಗಲ್ಲಿಯಲ್ಲಿ, ಗೋಳಗುಮ್ಮಟದ ನೆತ್ತಿ ಕಾಣುವ ಕಡೆ, ಒಂದು ತಗಡಿನ ಶೆಡ್ಡು. ಅಲ್ಲಿಯ ಉಸ್ತಾದರು ಬೋರಿನ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇಂಜಿನ್ ಚಾಲೂ ಇಟ್ಟೇ, ಸಿಲಿಂಡರಿಗೆ ಡೀಸೆಲ್ ಒಯ್ಯುವ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದರು. ಒಂದು, ಎರಡು, ನಾಲ್ಕು ಸಡಿಲಿಸಿದಾಗ ಇಂಜಿನ್ ಉಸಿರು ಕಟ್ಟಿದಂತೆ ಕುಸಿಯಿತು. ಮೂರನೆಯದಕ್ಕೆ ಏನೂ ಆಗಲಿಲ್ಲ. “ಇವನ ಕಳ್ಳ,” ಅಂದರು.

ಪಂಪಿನ ವೈರ್ ಕಿತ್ತು ಡೀಸೆಲ್ ಬಂದ್ ಮಾಡಿ, ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಳಗಿನ ಒತ್ತಡ ಅಳೆಯುವ ಗೇಜ್ ಹಾಕಿದರು. ಪೆಟ್ರೋಲ್ ಗಾಡಿಯ ಗೇಜು 300 ಪಿಎಸ್‌ಐ ಆಸುಪಾಸಿಗೇ ಮುಗಿದುಹೋಗುತ್ತದೆ. ಡೀಸೆಲಿಗೆ ಬೇರೆಯದೇ ಬೇಕು. ಡೀಸೆಲಿನಲ್ಲಿ ಕಿಡಿ ಇಲ್ಲವಲ್ಲ, ಗಾಳಿಯನ್ನು ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಹಿಚುಕಿದ ಕಾವಿಗೇ ಎಣ್ಣೆ ಹೊತ್ತಬೇಕು. ನಾನು ಸೆಲ್ಫ್ ಹೊಡೆಯುತ್ತ ಹೋದೆ, ಹುಡುಗ ಸೀಮೆಸುಣ್ಣದಿಂದ ತಗಡಿನ ಮೇಲೆ ಬರೆದ: 410, 405, 270, 400.

ನನ್ನ ಎದೆ ಝಲ್ಲೆಂದಿತು. ಪಿಸ್ಟನ್ ಸುತ್ತಲಿನ ರಿಂಗ್ ಹೋಗಿರಬೇಕು ಅಂದುಕೊಂಡೆ.

ರಿಂಗ್ ಹೌದೋ ಅಲ್ಲವೋ ನೋಡಲು ಸಿಲಿಂಡರಿಗೆ ಆಯಿಲ್ ಬಿಟ್ಟು ಮತ್ತೆ ಅಳೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆಯಿಲ್ ರಿಂಗಿನ ಸಂದು ಮುಚ್ಚಿ ಒತ್ತಡ ಏರಿದರೆ ರಿಂಗು, ಏರದಿದ್ದರೆ ವಾಲ್ವು. ಉಸ್ತಾದರು ಸಿರಿಂಜಿನಲ್ಲಿ ಎರಡೇ ಎಂ.ಎಲ್. ಬಿಟ್ಟರು. 270 ಇದ್ದದ್ದು 300 ಆಯಿತು. “ಏರಿತಲ್ರೀ?” ಅಂದೆ. ಅವರು ನಕ್ಕು, ಚೆನ್ನಾಗಿದ್ದ ಎರಡನೆಯದಕ್ಕೂ ಅಷ್ಟೇ ಬಿಟ್ಟರು. ಅದೂ 405ರಿಂದ 450ಕ್ಕೆ ಏರಿತು! ಲೆಕ್ಕ ಹಾಕಿದರೆ ಸರಿಯೇ. ಪಿಸ್ಟನ್ ಮೇಲೆ ಬಂದಾಗ ಇಂಥ ಇಂಜಿನಿನಲ್ಲಿ ಉಳಿಯುವ ಜಾಗವೇ ಹದಿನೇಳು ಎಂ.ಎಲ್.ನಷ್ಟು. ಅದರಲ್ಲಿ ಎರಡನ್ನು ಆಯಿಲೇ ತುಂಬಿದರೆ ಯಾವ ಸಿಲಿಂಡರಾದರೂ ಏರಲೇಬೇಕು. ಜಾಸ್ತಿ ಸುರಿದರಂತೂ ಕನೆಕ್ಟಿಂಗ್ ರಾಡೇ ಬಾಗಬಹುದು. ಆ ಎರಡನೇ ಅಳತೆ ಮಾಡದಿದ್ದರೆ ನಾನೇ ಇಂಜಿನ್ ಇಳಿಸಲು ಹೇಳಿಬಿಡುತ್ತಿದ್ದೆ.

ಕವರ್ ತೆಗೆದು, ವಾಲ್ವನ್ನು ಒತ್ತುವ ಟ್ಯಾಪೆಟ್‌ನ ಸಂದು ಅಳೆಯಲು ಫೀಲರ್ ಪಟ್ಟಿ ತೂರಿಸಿದರು. ಮೂರನೆಯದರ ಎಕ್ಸಾಸ್ಟ್ ವಾಲ್ವಿನಲ್ಲಿ ಅತಿ ತೆಳು ಪಟ್ಟಿಯೂ ಹೋಗಲಿಲ್ಲ. ಸವೆದರೆ ಸಂದು ದೊಡ್ಡದಾಗುತ್ತದೆ ಅಂತಲೇ ನಾನು ತಿಳಿದಿದ್ದೆ. ಆದರೆ ವಾಲ್ವೂ ಅದು ಕೂರುವ ಸೀಟೂ ಸವೆದರೆ ವಾಲ್ವು ಮೇಲಕ್ಕೆ ಸರಿಯುತ್ತದೆ, ಸಂದು ಮುಚ್ಚುತ್ತದೆ, ಕಡೆಗೆ ವಾಲ್ವು ಪೂರ್ತಿ ಕೂರುವುದೇ ಇಲ್ಲ. “ಸಪ್ಪಳ ಮಾಡೂ ಟ್ಯಾಪೆಟ್‌ಗ ಅಂಜಬ್ಯಾಡ್ರಿ, ಸುಮ್ನಿರೋದಕ್ಕ ಅಂಜ್ರಿ,” ಅಂದರು ಉಸ್ತಾದರು. ನನಗೆ ನೆನಪಾಗಿದ್ದು ಅಪ್ಪ. ನಮ್ಮ ಗಾಡಿಯ ಇಂಜಿನ್ ಹೊಲಿಗೆ ಮಷಿನ್‌ಗಿಂತ ಮೆತ್ತಗೆ ಅಂತ ಎರಡು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದರು.

ಹಳೇ ತಂಬಾಕಿನ ಡಬ್ಬಿಯಿಂದ ಶಿಮ್‌ಗಳನ್ನು, ಅಂದರೆ ಸಂದು ಹೊಂದಿಸುವ ಬಿಲ್ಲೆಗಳನ್ನು, ಸುರಿದು, ಮೈಕ್ರೋಮೀಟರಿನಲ್ಲಿ ಅಳೆದು ತೆಳುವಾದದ್ದೊಂದನ್ನು ಕೂರಿಸಿದರು. ಗೇಜು 360 ತೋರಿಸಿತು. ವಾಲ್ವಿನ ಅಂಚು ತುಸು ಸುಟ್ಟಿರಬೇಕು, ಯಾವತ್ತಾದರೂ ಹೆಡ್ ಇಳಿಸಲೇಬೇಕು. ಅಮಾಸಿಗೆ ಇಷ್ಟು ಸಾಕು. ಎಲ್ಲಾ ಸೇರಿ 1,200 ರೂಪಾಯಿ.

ಅಮಾಸಿ ಬೆಳಗ್ಗೆ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯದ ಬುಟ್ಟಿಗಳನ್ನು ಡಿಕ್ಕಿಗೆ ಇಟ್ಟು ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಹಿಡಿಯಿತು, ಹೊಗೆಯಿಲ್ಲ. ಪಕ್ಕದಲ್ಲಿ ಕೂತ ಅಪ್ಪ ಕಿವಿಗೊಟ್ಟು ಕೇಳಿ ಮುಖ ಗಂಟಿಕ್ಕಿದರು.

“ತಮ್ಮಾ, ಟಿಕ್ ಟಿಕ್ ಅನ್ನಾಕತ್ತೈತಲ್ಲೋ. ಕೆಡಿಸಿ ಕೊಟ್ಟಾನೇನ ಅಂವಾ?”