"ನರ್ಸ್‌ಗಳಿಗೆ ಎಲ್ಲಿ ಸಂಬಳ ಹೆಚ್ಚು?" ಎಂದು ಕೇಳುವವರಿಗೆ

ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನನ್ನು ಪ್ರತಿ ವರ್ಷವೂ ಕೊನೆಯ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಹಲವರು ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಎಲ್ಲಿಗೆ ಹೋದರೆ ಸಂಬಳ ಜಾಸ್ತಿ ಸಿಗುತ್ತದೆ?" ಸ್ವಲ್ಪ ಯೋಚಿಸಿದವರು ಅದರ ಬೆನ್ನಿಗೇ ಇನ್ನೊಂದನ್ನು ಕೇಳುತ್ತಾರೆ: "ಅಲ್ಲಿ ಸಂಬಳ ಜಾಸ್ತಿಯಂತೆ, ಆದರೆ ಖರ್ಚೂ ಅಷ್ಟೇ ಜಾಸ್ತಿಯಂತೆ. ಹಾಗಿದ್ದ ಮೇಲೆ ಹೋಗಿ ಏನು ಪ್ರಯೋಜನ?" ಮೊದಲನೆಯದಕ್ಕೆ ಒಂದು ಪಟ್ಟಿ ಕೊಟ್ಟರೆ ಸಾಕು. ಎರಡನೆಯದರ ಒಳಗೆ ಒಂದು ನಂಬಿಕೆ ಇದೆ. ಜೀವನವೆಚ್ಚ ಹೆಚ್ಚಿರುವ ಕಡೆ ಸಂಬಳವೂ ಅದಕ್ಕೆ ತಕ್ಕಷ್ಟು ಏರಿರುತ್ತದೆ, ಹಾಗಾಗಿ ಕೂಡಿಸಿ ಕಳೆದರೆ ಎಲ್ಲ ಕಡೆಯೂ ಒಂದೇ ಎಂಬ ನಂಬಿಕೆ ಅದು. ಇದನ್ನು ನಾನು ಒಪ್ಪುವುದಿಲ್ಲ. ನರ್ಸ್‌ಗಳ ಸಂಬಳವು ಊರಿನ ಬೆಲೆಗಳಿಗಿಂತ ಹೆಚ್ಚಾಗಿ, ಆ ಊರಿನಲ್ಲಿ ಕೆಲಸ ಕೊಡುವ ಆಸ್ಪತ್ರೆಗಳು ಎಷ್ಟಿವೆ, ನರ್ಸ್‌ಗಳ ಸಂಘಟನೆ ಎಷ್ಟು ಗಟ್ಟಿಯಾಗಿದೆ, ಕಾನೂನು ಏನು ಹೇಳುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ಆದ್ದರಿಂದ ಕೆಲವು ದುಬಾರಿ ಜಾಗಗಳು ಖರ್ಚು ಕಳೆದ ಮೇಲೂ ಲಾಭದಾಯಕವಾಗಿವೆ, ಮತ್ತೆ ಕೆಲವು ದುಬಾರಿ ಜಾಗಗಳಲ್ಲಿ ಸಂಬಳವೇ ಕಡಿಮೆ ಇದೆ.

ಅಮೆರಿಕದ ಉದಾಹರಣೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಸಂಬಳ ಮತ್ತು ಬೆಲೆಮಟ್ಟ ಎರಡನ್ನೂ ರಾಜ್ಯವಾರು ಅಳೆದು ಸರ್ಕಾರವೇ ಪ್ರಕಟಿಸುತ್ತದೆ. ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್‌ನ 2023ರ ಮೇ ತಿಂಗಳ ಅಂಕಿಗಳಂತೆ ನೋಂದಾಯಿತ ನರ್ಸ್‌ಗಳ ವಾರ್ಷಿಕ ಸರಾಸರಿ ಸಂಬಳ ಇಡೀ ದೇಶಕ್ಕೆ 94,480 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 1,37,690 ಡಾಲರ್, ಸೌತ್ ಡಕೋಟಾದಲ್ಲಿ 69,030 ಡಾಲರ್. ಮೇಲ್ನೋಟಕ್ಕೆ ಇದು ಎರಡು ಪಟ್ಟಿನ ಅಂತರ. ಇನ್ನು ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ ಎಂಬ ಇನ್ನೊಂದು ಸಂಸ್ಥೆ ಪ್ರತಿ ರಾಜ್ಯದ ಬೆಲೆಮಟ್ಟವನ್ನು ದೇಶದ ಸರಾಸರಿಯನ್ನು 100 ಎಂದಿಟ್ಟುಕೊಂಡು ಲೆಕ್ಕ ಹಾಕುತ್ತದೆ. ಅದರ ಪ್ರಕಾರ ಕ್ಯಾಲಿಫೋರ್ನಿಯಾದ ಬೆಲೆಮಟ್ಟ ಸರಾಸರಿಗಿಂತ ಸುಮಾರು ಶೇ 12ರಷ್ಟು ಮೇಲಿದೆ, ಸೌತ್ ಡಕೋಟಾದ್ದು ಹೆಚ್ಚುಕಡಿಮೆ ಅಷ್ಟೇ ಕೆಳಗಿದೆ. ಸಂಬಳವನ್ನು ಈ ಬೆಲೆಮಟ್ಟದಿಂದ ಭಾಗಿಸಿದರೆ ಮೊದಲನೆಯದು ಸುಮಾರು 1,23,000 ಡಾಲರಿಗೆ ಇಳಿಯುತ್ತದೆ, ಎರಡನೆಯದು ಸುಮಾರು 78,000 ಡಾಲರಿಗೆ ಏರುತ್ತದೆ. ಎರಡು ಪಟ್ಟಿದ್ದ ಅಂತರ ಒಂದೂವರೆ ಪಟ್ಟಿನ ಹತ್ತಿರಕ್ಕೆ ಕುಗ್ಗಿತು, ನಿಜ. ಆದರೆ ಅದು ಅಳಿಸಿಹೋಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆ ಇದೆ, ಸೌತ್ ಡಕೋಟಾದಲ್ಲಿ ಇಲ್ಲ. ಅದನ್ನು ಕಳೆದರೂ ಅಂತರ ಉಳಿಯುತ್ತದೆ.

ಇದಕ್ಕೆ ಎದುರಾಗಿ ಫ್ಲೋರಿಡಾವನ್ನು ನೋಡಿ. ಅಲ್ಲಿನ ಬೆಲೆಮಟ್ಟ ದೇಶದ ಸರಾಸರಿಗಿಂತ ತುಸು ಮೇಲಿದ್ದರೂ ನರ್ಸ್‌ಗಳ ಸರಾಸರಿ ಸಂಬಳ ಸುಮಾರು 85,000 ಡಾಲರ್, ಅಂದರೆ ದೇಶದ ಸರಾಸರಿಗಿಂತ ಹತ್ತಿರ ಹತ್ತಿರ 10,000 ಡಾಲರ್ ಕಡಿಮೆ. ವೃದ್ಧರ ಸಂಖ್ಯೆ ದೊಡ್ಡದಾಗಿರುವ, ನರ್ಸ್‌ಗಳ ಅಗತ್ಯ ಬೇರೆಡೆಗಿಂತ ಹೆಚ್ಚೇ ಇರುವ ರಾಜ್ಯ ಅದು. ಸಂಬಳ ಜೀವನವೆಚ್ಚವನ್ನು ತಾನಾಗಿಯೇ ಹಿಂಬಾಲಿಸುವುದಾಗಿದ್ದರೆ ಹೀಗಾಗಬಾರದಿತ್ತು.

ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ಏನು ನಡೆಯಿತು? ಅಲ್ಲಿ ನರ್ಸ್‌ಗಳ ಕಾರ್ಮಿಕ ಸಂಘ ಬಹುಕಾಲದಿಂದ ಬಲವಾಗಿದೆ. ಆ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1999ರಲ್ಲಿ, ಒಬ್ಬ ನರ್ಸ್ ಒಂದು ಪಾಳಿಯಲ್ಲಿ ಗರಿಷ್ಠ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದು ಎಂದು ನಿಗದಿಪಡಿಸುವ ಕಾನೂನು ಬಂತು, 2004ರಿಂದ ಅದು ಜಾರಿಯಾಯಿತು. ತೀವ್ರ ನಿಗಾ ಘಟಕದಲ್ಲಿ ಒಬ್ಬರಿಗೆ ಇಬ್ಬರು ರೋಗಿಗಳು, ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ ಐವರು ಎಂಬುದು ಅಲ್ಲಿನ ಮಿತಿ. ಈ ಮಿತಿ ಇರುವುದರಿಂದ ಆಸ್ಪತ್ರೆಗಳು ನರ್ಸ್‌ಗಳ ಸಂಖ್ಯೆ ತಗ್ಗಿಸಿ ಹಣ ಉಳಿಸುವಂತಿಲ್ಲ. ಹುದ್ದೆಗಳನ್ನು ತುಂಬಲೇಬೇಕು, ತುಂಬಬೇಕಾದರೆ ಒಳ್ಳೆಯ ಸಂಬಳ ಕೊಡಬೇಕು. ಬಾಡಿಗೆ ದುಬಾರಿ ಎಂಬುದು ಅಲ್ಲಿನ ಸಂಬಳ ಏರಲು ಒಂದು ಕಾರಣ ಮಾತ್ರ.

ಇದರ ವಿರುದ್ಧ ತುದಿಯಲ್ಲಿ ಒಂದೇ ದೊಡ್ಡ ಆಸ್ಪತ್ರೆ ಇರುವ ಸಣ್ಣ ಊರುಗಳಿವೆ. ಅಂಗಡಿಕಾರ ಒಬ್ಬನೇ ಇದ್ದಾಗ ಕೊಳ್ಳುವವರು ಅವನು ಹೇಳಿದ ಬೆಲೆ ತೆರಬೇಕಾಗುವಂತೆ, ಕೆಲಸ ಕೊಡುವವರು ಒಬ್ಬರೇ ಇದ್ದಾಗ ದುಡಿಯುವವರು ಅವರು ಹೇಳಿದ ಸಂಬಳಕ್ಕೆ ಒಪ್ಪಬೇಕಾಗುತ್ತದೆ. ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಈ ಸ್ಥಿತಿಗೆ ಮೊನಾಪ್ಸನಿ ಎಂಬ ಹೆಸರನ್ನು ಬಳಕೆಗೆ ತಂದರು. ಅರ್ಥಶಾಸ್ತ್ರದ ತರಗತಿಗಳಲ್ಲಿ ಇದಕ್ಕೆ ಹಲವೊಮ್ಮೆ ಕೊಡುವ ಉದಾಹರಣೆ ಆಸ್ಪತ್ರೆಯ ನರ್ಸ್‌ಗಳದ್ದು. ಮನೆ, ಮಕ್ಕಳ ಶಾಲೆ, ಗಂಡನ ಅಥವಾ ಹೆಂಡತಿಯ ಉದ್ಯೋಗ ಎಲ್ಲವೂ ಆ ಊರಿಗೆ ಅಂಟಿಕೊಂಡಿರುವ ನರ್ಸ್ ಸಂಬಳ ಕಡಿಮೆಯಾಯಿತೆಂದು ಊರು ಬಿಡಲಾರರು. ಬಿಡಲು ಮನಸ್ಸು ಮಾಡಿದರೂ ಪರವಾನಗಿಯ ತೊಡಕು ಇದ್ದೇ ಇದೆ. ಅಮೆರಿಕದಲ್ಲಿ ಒಂದೇ ಪರವಾನಗಿಯಿಂದ ಹಲವು ರಾಜ್ಯಗಳಲ್ಲಿ ಕೆಲಸ ಮಾಡಲು ಬಿಡುವ ಒಪ್ಪಂದವೊಂದಿದ್ದು, 40ಕ್ಕೂ ಹೆಚ್ಚು ರಾಜ್ಯಗಳು ಅದನ್ನು ಸೇರಿವೆ. ಆದರೆ ಇನ್ನೂ ಸೇರದ ಕೆಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಕೊಡುವ ಕ್ಯಾಲಿಫೋರ್ನಿಯಾವೂ ಒಂದು.

ಬ್ರಿಟನ್ನಿನ ವ್ಯವಸ್ಥೆ ಬೇರೆಯೇ ತೆರನಾದದ್ದು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ 2004ರಿಂದ ಏಕರೂಪದ ವೇತನಶ್ರೇಣಿಗಳಿವೆ. ಇಂಗ್ಲೆಂಡಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್ ಐದನೆಯ ಶ್ರೇಣಿಯಲ್ಲಿರುತ್ತಾರೆ. 2025-26ರಲ್ಲಿ ಅದರ ಆರಂಭದ ವೇತನ ವರ್ಷಕ್ಕೆ 31,049 ಪೌಂಡ್, ಉತ್ತರದ ಸಣ್ಣ ಪಟ್ಟಣದಲ್ಲಿಯೂ ದಕ್ಷಿಣದ ದುಬಾರಿ ನಗರದಲ್ಲಿಯೂ ಅಷ್ಟೇ. ಲಂಡನ್ನಿಗೆ ಮಾತ್ರ ವಿಶೇಷ ಭತ್ಯೆ ಇದೆ: ಒಳ ಲಂಡನ್ನಿಗೆ ಮೂಲವೇತನದ ಶೇ 20, ಹೊರ ಲಂಡನ್ನಿಗೆ ಶೇ 15, ಅಂಚಿನ ಪ್ರದೇಶಗಳಿಗೆ ಶೇ 5, ಮತ್ತು ಈ ಮೂರಕ್ಕೂ ಕನಿಷ್ಠ ಗರಿಷ್ಠ ಮಿತಿಗಳಿವೆ. ಒಳ ಲಂಡನ್ನಿನ ಹೊಸ ನರ್ಸ್‌ಗೆ ಇದರಿಂದ ವರ್ಷಕ್ಕೆ ಸುಮಾರು 6,200 ಪೌಂಡ್ ಸೇರುತ್ತದೆ. ಆದರೆ ಲಂಡನ್ನಿನ ಸರಾಸರಿ ಮನೆ ಬಾಡಿಗೆ ಈಶಾನ್ಯ ಇಂಗ್ಲೆಂಡಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಐದರಲ್ಲಿ ಒಂದು ಭಾಗ ಕೂಡಿದ ಸಂಬಳ ಎರಡು ಪಟ್ಟು ಮೀರಿದ ಬಾಡಿಗೆಯನ್ನು ಹೊರುವುದು ಹೇಗೆ? ಆಕ್ಸ್‌ಫರ್ಡ್, ಬ್ರೈಟನ್‌ನಂತಹ ನಗರಗಳ ನರ್ಸ್‌ಗಳಿಗಂತೂ, ಬಾಡಿಗೆ ದುಬಾರಿಯಾಗಿದ್ದರೂ ಗಡಿಯ ಹೊರಗಿರುವ ಕಾರಣಕ್ಕೆ, ಆ ಭತ್ಯೆಯೂ ಇಲ್ಲ.

ಇದು ನರ್ಸ್‌ಗಳ ಜೇಬಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ ಎಂಬುದನ್ನು ನಾನು ಪ್ರತಿ ತರಗತಿಯಲ್ಲಿಯೂ ಒತ್ತಿ ಹೇಳುತ್ತೇನೆ. ಕ್ಯಾರಲ್ ಪ್ರಾಪರ್ ಮತ್ತು ಜಾನ್ ವ್ಯಾನ್ ರೀನೆನ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಗ್ಲೆಂಡಿನ ಆಸ್ಪತ್ರೆಗಳನ್ನೇ ಪರಿಶೀಲಿಸಿತ್ತು. ನರ್ಸ್‌ಗಳ ವೇತನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿದ್ದು, ಸುತ್ತಲಿನ ಇತರ ಉದ್ಯೋಗಗಳ ವೇತನ ಮಾತ್ರ ಏರಿರುವ ಪ್ರದೇಶಗಳಲ್ಲಿ, ಹೃದಯಾಘಾತವಾಗಿ ತುರ್ತಾಗಿ ದಾಖಲಾದವರ ಸಾವಿನ ಪ್ರಮಾಣ ಹೆಚ್ಚಿತ್ತು. ಹೊರಗಿನ ವೇತನ ಶೇ 10ರಷ್ಟು ಏರಿದಾಗ ಸಾವಿನ ಪ್ರಮಾಣ ಶೇ 7ರಷ್ಟು ಏರುವುದನ್ನು ಅವರು ಕಂಡರು. ಆ ಊರಿನಲ್ಲಿ ಬದುಕಲು ಸಾಲದ ಸಂಬಳ ಕೊಟ್ಟರೆ ಅನುಭವವುಳ್ಳ ನರ್ಸ್ ಬಿಟ್ಟು ಹೋಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ ಅಥವಾ ಏಜೆನ್ಸಿಯಿಂದ ಬಂದ ತಾತ್ಕಾಲಿಕ ನರ್ಸ್ ಆ ಜಾಗದಲ್ಲಿ ನಿಲ್ಲುತ್ತಾರೆ, ಅದರ ಪರಿಣಾಮ ಹಾಸಿಗೆಯ ಮೇಲೆ ಮಲಗಿರುವವರ ಮೇಲೆ ಆಗುತ್ತದೆ. ಎಲ್ಲರಿಗೂ ಒಂದೇ ವೇತನ ಎಂಬ ನಿಯಮ ನ್ಯಾಯವಾಗಿ ಕಾಣುತ್ತದೆ. ನಾನೂ ಬಹಳ ಕಾಲ ಅದನ್ನು ನ್ಯಾಯವೆಂದೇ ತಿಳಿದಿದ್ದೆ. ಈ ಅಂಕಿಗಳನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಭಾರತದಲ್ಲಿ ಕೇಂದ್ರ ಸರ್ಕಾರಿ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್‌ಗೆ ಏಳನೆಯ ವೇತನ ಆಯೋಗದ ಲೆಕ್ಕದಲ್ಲಿ ಆರಂಭದ ಮೂಲವೇತನ 44,900 ರೂಪಾಯಿ. ಮನೆ ಬಾಡಿಗೆ ಭತ್ಯೆ 2024ರ ಜನವರಿಯಿಂದ ನಗರದ ದರ್ಜೆಗೆ ಅನುಗುಣವಾಗಿ ಶೇ 30, 20 ಅಥವಾ 10. ಅಂದರೆ ಮೊದಲ ದರ್ಜೆಯ ನಗರಕ್ಕೂ ಕೊನೆಯ ದರ್ಜೆಯ ಊರಿಗೂ ತಿಂಗಳಿಗೆ 8,980 ರೂಪಾಯಿಯ ವ್ಯತ್ಯಾಸ. ಈ ದರ್ಜೆಗಳನ್ನು ನಿರ್ಧರಿಸುವುದು ಜನಸಂಖ್ಯೆ: 50 ಲಕ್ಷ ಮೀರಿದರೆ ಮೊದಲ ದರ್ಜೆ, 5 ಲಕ್ಷಕ್ಕಿಂತ ಕಡಿಮೆಯಾದರೆ ಕೊನೆಯದು. ಬಾಡಿಗೆಗೆಂದು ಕೊಡುವ ಭತ್ಯೆಯ ದರ್ಜೆಯನ್ನು ಬಾಡಿಗೆಯನ್ನೇ ಅಳೆಯದೆ ನಿರ್ಧರಿಸುವುದು ನನಗೆ ಸರಿಯೆನಿಸುವುದಿಲ್ಲ.

ಖಾಸಗಿ ಆಸ್ಪತ್ರೆಗಳ ಕಥೆ ಇದಕ್ಕಿಂತ ಕಠಿಣ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ ಶಿಫಾರಸು ಮಾಡಿತು. ಆರೋಗ್ಯ ರಾಜ್ಯಗಳ ವಿಷಯವಾದ್ದರಿಂದ ಜಾರಿ ಆಯಾ ರಾಜ್ಯಗಳಿಗೆ ಬಿಟ್ಟದ್ದಾಯಿತು. ನರ್ಸ್‌ಗಳು ಬೀದಿಗಿಳಿದು ಮುಷ್ಕರ ಹೂಡಿದ ಕೇರಳದಲ್ಲಿ 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿಯ ಕನಿಷ್ಠ ವೇತನದ ಅಧಿಸೂಚನೆ ಹೊರಬಿತ್ತು. ಇಲ್ಲಿಯೂ ಸಂಬಳ ಏರಿಸಿದ್ದು ಸಂಘಟನೆ. ಸಮಿತಿಯ ಸೂತ್ರದಲ್ಲಿ ನನಗೆ ಕಂಡ ಕೊರತೆ ಒಂದಿದೆ: ಅದು ಹಾಸಿಗೆಗಳನ್ನು ಎಣಿಸಿತು, ನರ್ಸ್ ವಾಸಿಸುವ ಊರಿನ ಖರ್ಚನ್ನು ಎಣಿಸಲಿಲ್ಲ.

ಇನ್ನು ಕೇಳಿದವರು ತಮ್ಮ ಲೆಕ್ಕವನ್ನು ಹೇಗೆ ಹಾಕಿಕೊಳ್ಳಬೇಕು ಎಂಬುದು. ಸರಾಸರಿ ಬೆಲೆಮಟ್ಟ ಊರಿಗೆ ಹೊಸದಾಗಿ ಬರುವವರ ಖರ್ಚನ್ನು ತೋರಿಸುವುದಿಲ್ಲ. ದಿನಸಿ, ಬಟ್ಟೆ, ಫೋನಿನ ಬೆಲೆ ಒಂದು ದೇಶದೊಳಗೆ ಊರಿಂದೂರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಬದಲಾಗುವುದು ಮುಖ್ಯವಾಗಿ ಮನೆಯ ಖರ್ಚು. ಸ್ವಂತ ಮನೆಯಿರುವ ಹಿರಿಯ ನರ್ಸ್‌ಗೆ ದುಬಾರಿ ನಗರ ಅಷ್ಟು ದುಬಾರಿಯಲ್ಲ, ಅದೇ ವಾರ್ಡಿಗೆ ಹೊಸದಾಗಿ ಸೇರಿದವರಿಗೆ ಸಂಬಳದ ಬಹುಪಾಲು ಬಾಡಿಗೆಗೇ ಹೋಗಬಹುದು. ಆಸ್ಪತ್ರೆಯೇ ವಸತಿ ಕೊಡುವುದಾದರೆ ಎರಡು ಊರುಗಳ ಸಂಬಳವನ್ನು ಹಾಗೆಯೇ ಎದುರುಬದುರು ಇಟ್ಟು ನೋಡುವುದೂ ತಪ್ಪಾಗುತ್ತದೆ.

ಮನೆಗೆ ಹಣ ಕಳುಹಿಸುವವರ ಲೆಕ್ಕ ಮತ್ತೂ ಬೇರೆ, ಮತ್ತು ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇಂಥವರೇ. ಸಂಬಳದಲ್ಲಿ ಯಾವ ಭಾಗ ದುಡಿಯುವ ಊರಿನಲ್ಲಿ ಖರ್ಚಾಗುತ್ತದೆಯೋ ಅದನ್ನು ಮಾತ್ರ ಆ ಊರಿನ ಬೆಲೆಮಟ್ಟದಿಂದ ಭಾಗಿಸಬೇಕು. ತಂದೆತಾಯಿಗೆ ಕಳುಹಿಸುವ ಹಣ ತವರಿನ ಬೆಲೆಯಲ್ಲಿ ಖರ್ಚಾಗುತ್ತದೆ. ಶಿಕ್ಷಣ ಸಾಲದ ಕಂತು ಎಲ್ಲಿದ್ದರೂ ಅಷ್ಟೇ ಇರುತ್ತದೆ. ಆದ್ದರಿಂದ ಹಂಚಿಕೊಂಡ ಕೋಣೆಯಲ್ಲಿದ್ದು ಅರ್ಧ ಸಂಬಳ ಉಳಿಸುವ ಒಂಟಿ ನರ್ಸ್‌ಗೆ ದುಬಾರಿ ನಗರದ ದೊಡ್ಡ ಸಂಬಳ ಬೆಲೆಮಟ್ಟದ ಸೂತ್ರ ತೋರಿಸುವುದಕ್ಕಿಂತ ಹೆಚ್ಚು ಲಾಭ ತರುತ್ತದೆ. ಮಕ್ಕಳೊಂದಿಗೆ ಸಂಸಾರ ಹೂಡುವವರಿಗೆ ಅದು ತೋರಿಸುವುದಕ್ಕಿಂತ ಕಡಿಮೆ. ಒಂದೇ ಸಂಬಳದ ಬಗ್ಗೆ ಇಬ್ಬರು ಕೇಳಿದಾಗ ನಾನು ಎರಡು ಬೇರೆ ಉತ್ತರ ಕೊಡುವುದು ಇದೇ ಕಾರಣಕ್ಕೆ.

ನಿವೃತ್ತಿಯ ಮಾತನ್ನು ಇಪ್ಪತ್ತೆರಡರ ವಯಸ್ಸಿನವರು ಕೇಳಿಸಿಕೊಳ್ಳುವುದು ಕಡಿಮೆ, ಆದರೂ ಹೇಳುತ್ತೇನೆ. ಎನ್‌ಎಚ್‌ಎಸ್‌ನಲ್ಲಿ ಲಂಡನ್ ಭತ್ಯೆ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ, ಭಾರತ ಸರ್ಕಾರದ ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ.

ಸಂಬಳದ ಇನ್ನೊಂದು ಮುಖ ಕೆಲಸದ ಹೊರೆ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ಅಧ್ಯಯನ ಮಾಡಿದಾಗ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು, ನರ್ಸ್ ಬಳಲಿ ಬೇಸರಗೊಳ್ಳುವ ಸಂಭವ ಶೇ 23ರಷ್ಟು ಏರುವುದು ಕಂಡುಬಂತು. ಐದು ರೋಗಿಗಳನ್ನು ನೋಡಿಕೊಂಡು ಪಡೆಯುವ ಸಂಬಳ ಮತ್ತು ಹತ್ತು ರೋಗಿಗಳನ್ನು ನೋಡಿಕೊಂಡು ಪಡೆಯುವ ಸಂಬಳ ಅಂಕಿಯಲ್ಲಿ ಒಂದೇ ಆಗಿದ್ದರೂ ನಾನು ಅವೆರಡನ್ನೂ ಸಮಾನವೆಂದು ಒಪ್ಪುವುದಿಲ್ಲ.

ಹಾಗಾಗಿ ನೇಮಕಾತಿ ಪತ್ರ ಹಿಡಿದು ಬಂದವರಿಗೆ ನಾನು ಹೇಳುವುದು ಇಷ್ಟು. ಮೂಲವೇತನ ಎಷ್ಟು, ಭತ್ಯೆ ಎಷ್ಟು, ಕೈಗೆ ಬರುವುದು ಎಷ್ಟು ಎಂದು ಬಿಡಿಸಿ ಕೇಳಿ. ವಾರಕ್ಕೆ ಎಷ್ಟು ಗಂಟೆ, ರಾತ್ರಿ ಪಾಳಿಗೆ ಪ್ರತ್ಯೇಕ ಹಣ ಇದೆಯೇ, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳು ಎಂದು ಕೇಳಿ. ಆಮೇಲೆ ಆ ಆಸ್ಪತ್ರೆಗೆ ಕಳೆದ ಒಂದು ವರ್ಷದೊಳಗೆ ಸೇರಿದ ಒಬ್ಬ ನರ್ಸ್‌ನ್ನು ಹುಡುಕಿ ಅವರ ಬಾಡಿಗೆ ಎಷ್ಟೆಂದು ವಿಚಾರಿಸಿ. ಹತ್ತು ವರ್ಷದ ಹಿಂದೆ ಸೇರಿದವರನ್ನು ಕೇಳಿದರೆ ಅವರು ಹೇಳುವುದು ಅವರ ಹಳೆಯ ಮನೆಯ ಹಳೆಯ ಬಾಡಿಗೆ, ನಿಮಗೆ ಆ ಮನೆ ಸಿಗುವುದಿಲ್ಲ.